ಹಳ್ಳ ತುಂಬಿತ್ತು ಎಂದು ಮರಣಪತ್ರದಲ್ಲಿ ಬರೆಯುವುದಿಲ್ಲ

ವೈದ್ಯರು ತುಂಬುವ ಮರಣ ಕಾರಣದ ಪ್ರಮಾಣಪತ್ರದಲ್ಲಿ ಒಂದರ ಕೆಳಗೊಂದು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಜೀವ ತೆಗೆದ ತೊಂದರೆ, ಅದರ ಕೆಳಗೆ ಆ ತೊಂದರೆಯನ್ನು ತಂದಿಟ್ಟ ಕಾಯಿಲೆ, ಇನ್ನೂ ಕೆಳಗೆ ಎಲ್ಲಕ್ಕೂ ಮೂಲವಾದದ್ದು. ಎಂಟು ದಿನದ ಕೂಸೊಂದು ತೀರಿಕೊಂಡರೆ ಅಲ್ಲಿ ‘ರಕ್ತದ ಸೋಂಕು’ ಎಂದೂ ಅದರಡಿಯಲ್ಲಿ ‘ಅವಧಿಗೆ ಮುನ್ನ ಜನನ’ ಎಂದೂ ಬರೆದಿರಬಹುದು. ಬರೆದದ್ದು ಸುಳ್ಳಲ್ಲ. ಆದರೆ ತಾಯಿಗೆ ಬಸಿರಿನಲ್ಲಿ ರಕ್ತ ಕಡಿಮೆ ಇತ್ತು, ಹಿಂದಿನ ಹೆರಿಗೆಯಾಗಿ ವರ್ಷ ತುಂಬುವುದರೊಳಗೆ ಮತ್ತೆ ಬಸಿರಾಗಿದ್ದಳು, ಕೂಸು ಹಾಲು ಕುಡಿಯುವುದನ್ನು ಬಿಟ್ಟ ದಿನ ಹಳ್ಳ ಉಕ್ಕಿ ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆಯ) ಮೇಲೆ ನೀರು ಹರಿಯುತ್ತಿತ್ತು ಎಂಬುದಕ್ಕೆಲ್ಲ ಅಲ್ಲಿ ಸಾಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಒಳಭಾಗದ ಕೂಸಿಗೂ ಕಾರವಾರ ಪೇಟೆಯ ಕೂಸಿಗೂ ಕಾಗದದ ಮೇಲೆ ಒಂದೇ ಬಗೆಯ ಸಾವು.

ಹೀಗೆ ಕಾಗದದ ಹೊರಗೆ ಉಳಿಯುವ ಸಂಗತಿಗಳನ್ನು ಸಾರ್ವಜನಿಕ ಆರೋಗ್ಯದವರು ಅಪಾಯಕಾರಿ ಅಂಶಗಳು ಎನ್ನುತ್ತಾರೆ. ಇಂಥ ಅಂಶವಿದ್ದ ಮಗು ಸಾಯಲೇಬೇಕೆಂದಿಲ್ಲ, ಇಲ್ಲದ ಮಗು ಉಳಿಯಲೇಬೇಕೆಂದೂ ಇಲ್ಲ. ಒಂದೊಂದೇ ಮನೆಯನ್ನು ನೋಡಿದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸಾವಿರ ಮಕ್ಕಳನ್ನು ಒಟ್ಟಿಗೆ ಎಣಿಸಿದಾಗ ಕಾಣುತ್ತದೆ. ‘ನಮ್ಮ ಅಜ್ಜಿ ಹತ್ತು ಹೆತ್ತಳು, ಎಲ್ಲವೂ ಮನೆಯಲ್ಲೇ, ಏನಾಯಿತು?’ ಎಂದು ಕೇಳುವವರು ನಮ್ಮಲ್ಲಿ ಈಗಲೂ ಸಿಗುತ್ತಾರೆ. ಆ ಹತ್ತರಲ್ಲಿ ಎಷ್ಟು ಉಳಿದವು ಎಂದು ಮರುಪ್ರಶ್ನೆ ಹಾಕಿದರೆ ಸಾಮಾನ್ಯವಾಗಿ ಲೆಕ್ಕ ತಪ್ಪುತ್ತದೆ. ಸತ್ತ ಕೂಸುಗಳಿಗೆ ಎಷ್ಟೋ ಸಲ ಹೆಸರೇ ಇಟ್ಟಿರಲಿಲ್ಲ, ಹಾಗಾಗಿ ನೆನಪಿನ ಪಟ್ಟಿಯಲ್ಲೂ ಅವು ಇಲ್ಲ.

ಎಣಿಸುವ ಕ್ರಮ ಸರಳವಾಗಿದೆ. ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ಸತ್ತವರ ಸಂಖ್ಯೆಯೇ ಶಿಶುಮರಣ ದರ. ಮೊದಲ 28 ದಿನಗಳೊಳಗಿನ ಸಾವು ನವಜಾತ ಶಿಶುಮರಣ. ಐದು ವರ್ಷದೊಳಗಿನ ಎಲ್ಲ ಸಾವುಗಳನ್ನು ಸೇರಿಸಿದರೆ ಮೂರನೆಯ ದರ. 1971ರಲ್ಲಿ ಭಾರತದ ಶಿಶುಮರಣ ದರ 129 ಇತ್ತು. ಹುಟ್ಟು ಸಾವುಗಳನ್ನು ಎಣಿಸುವ 2020ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಅದು 28ಕ್ಕೆ ಇಳಿದಿತ್ತು. ಅದೇ ವರ್ಷ ಕರ್ನಾಟಕದ ದರ 19, ಕೇರಳದ್ದು 6. ಇಳಿಕೆಯೇನೋ ದೊಡ್ಡದು. ಆದರೆ ಕರ್ನಾಟಕದ ಆ 19ರಲ್ಲಿ 14 ಸಾವುಗಳು ಮೊದಲ ತಿಂಗಳಿನವು, ಅದರಲ್ಲೂ ಬಹುಪಾಲು ಮೊದಲ ವಾರದವು. ಹಿಂದೆ ಧನುರ್ವಾಯು, ದಡಾರ, ಭೇದಿ ಒಯ್ಯುತ್ತಿದ್ದ ಮಕ್ಕಳು ಈಗ ಉಳಿಯುತ್ತಿದ್ದಾರೆ. ಹುಟ್ಟುತ್ತಲೇ ಹೋಗುವವರನ್ನು ಉಳಿಸುವುದು ಅಷ್ಟು ಸುಲಭವಾಗಿಲ್ಲ. ಆದ್ದರಿಂದ ವಯಸ್ಸು ಕೇಳದೆ ಅಪಾಯದ ಮಾತಾಡುವುದು ವ್ಯರ್ಥ. ಮೂರು ದಿನದ ಕೂಸನ್ನು ಕಾಡುವ ಅಪಾಯ ಬೇರೆ, ಎಂಟು ತಿಂಗಳಿನದು ಬೇರೆ, ಅಂಗಳದಲ್ಲಿ ಓಡಾಡುವ ಎರಡು ವರ್ಷದ್ದು ಪೂರ್ತಿ ಬೇರೆ.

ಮೊದಲ ತಿಂಗಳಿನ ಲೆಕ್ಕದಲ್ಲಿ ತೂಕದ್ದೇ ದೊಡ್ಡ ಪಾಲು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು. ಆದರೆ ಎರಡು ಕಿಲೋ ತೂಗುವ ಎರಡು ಕೂಸುಗಳು ಒಂದೇ ಅಲ್ಲ. ಒಂದು 34 ವಾರಕ್ಕೇ ಹುಟ್ಟಿರಬಹುದು. ಆ ವಯಸ್ಸಿಗೆ ಅದರ ತೂಕ ಸರಿಯಾಗಿಯೇ ಇದೆ, ಬಲಿಯದೆ ಇರುವುದು ಶ್ವಾಸಕೋಶ ಮತ್ತು ಹೀರುವ ಶಕ್ತಿ. ಇನ್ನೊಂದು ತಿಂಗಳು ತುಂಬಿಯೇ ಹುಟ್ಟಿದ್ದರೂ ಹೊಟ್ಟೆಯೊಳಗೆ ಸರಿಯಾಗಿ ಬೆಳೆದಿಲ್ಲ. ಇದರ ಅಂಗಗಳು ಬಲಿತಿವೆ, ಉಪವಾಸ ತಡೆಯುವ ಕೊಬ್ಬು ಇಲ್ಲ. 37 ವಾರಕ್ಕೆ ಮುನ್ನ ಹುಟ್ಟಿದ ಕೂಸಿಗೆ ಹೆಚ್ಚಿನ ಅಪಾಯ. ಅದಕ್ಕೇ ಕೊನೆಯ ಮುಟ್ಟಿನ ದಿನಾಂಕವನ್ನು ಆಶಾ ಕಾರ್ಯಕರ್ತೆ ಪದೇ ಪದೇ ಕೇಳುವುದು. ಅದು ತಾಯಿ ಕಾರ್ಡಿನಲ್ಲಿ ಸರಿಯಾಗಿ ಇಲ್ಲದಿದ್ದರೆ ಕೂಸು ಎಷ್ಟು ಬೇಗ ಹುಟ್ಟಿತು ಎಂಬುದೇ ಅಂದಾಜಾಗಿಬಿಡುತ್ತದೆ.

ಇಂಥ ಕೂಸನ್ನು ಬೇಗ ಸೋಲಿಸುವುದು ತಂಪು. ಹುಟ್ಟಿದ ಮಗುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಒದ್ದೆ ಮೈಯನ್ನು ಕೂಡಲೇ ಒರೆಸದಿದ್ದರೆ, ಗಾಳಿಗೆ ಒಡ್ಡಿದರೆ, ಅದು ನಿಮಿಷಗಳಲ್ಲಿ ಇಳಿಯುತ್ತದೆ. ತಂಪಾದ ಕೂಸು ಹೀರುವುದಿಲ್ಲ, ಹೀರದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದರೆ ಇನ್ನಷ್ಟು ತಂಪಾಗುತ್ತದೆ. ಘಟ್ಟದ ಮೇಲೆ, ಶಿರಸಿ–ಸಿದ್ದಾಪುರದ ಕಡೆ, ಆಷಾಢದ ಮಳೆಯಲ್ಲಿ ಗೋಡೆ ಬೆವರುವ ಮನೆಗಳಲ್ಲಿ ಈ ಅಪಾಯ ಏನೆಂದು ಬಾಣಂತನ ಮಾಡಿದ ಎಲ್ಲ ಹೆಂಗಸರಿಗೂ ಗೊತ್ತು. ಬಾಣಂತಿ ಕೋಣೆಯನ್ನು ಬೆಚ್ಚಗಿಡುವ ನಮ್ಮ ರೂಢಿಯ ಹಿಂದಿನ ತಿಳಿವಳಿಕೆ ಸರಿಯಾದದ್ದೇ. ಬೆಚ್ಚಗಿಡಲು ಹಿಡಿದ ದಾರಿಯನ್ನು ಮಾತ್ರ ಒಪ್ಪುವಂತಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು, ಮೇಲೆ ಧೂಪ ಹಾಕಿ, ಆ ಹೊಗೆಯಲ್ಲಿ ಬಲಿಯದ ಶ್ವಾಸಕೋಶದ ಕೂಸನ್ನು ಮಲಗಿಸುವುದು ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ. ಸ್ನಾನದ ಮಾತೂ ಹಾಗೆಯೇ. ಹುಟ್ಟಿದ 24 ಗಂಟೆಯೊಳಗೆ ಸ್ನಾನ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸು ತೀರ ಚಿಕ್ಕದಾಗಿದ್ದರೆ ಅಜ್ಜಿ ಕಾಲು ಚಾಚಿ ಕೂತು ಎಣ್ಣೆ ಹಚ್ಚಿ ಮೀಯಿಸುವ ಸಂಭ್ರಮವನ್ನು ತೂಕ ಏರುವವರೆಗೆ ಮುಂದೂಡುವುದು ಒಳ್ಳೆಯದು.

ಬೆಚ್ಚಗಿಡಲು ಇರುವ ಅತ್ಯುತ್ತಮ ಸಾಧನಕ್ಕೆ ಕರೆಂಟೂ ಬೇಡ, ಕೆಂಡವೂ ಬೇಡ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು, ಕೂಸನ್ನು ಬೆಚ್ಚಗಿಡುವ ಯಂತ್ರಗಳು (ಇನ್‌ಕ್ಯುಬೇಟರ್) ಸಾಲದೆ ಹೋದಾಗ, ಸಣ್ಣ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ಬಹುಕಾಲ ಇದನ್ನು ಬಡವರ ಆಸ್ಪತ್ರೆಯ ಬದಲಿ ವ್ಯವಸ್ಥೆ ಎಂದೇ ನೋಡಲಾಗುತ್ತಿತ್ತು. ಕೂಸು ಸ್ವಲ್ಪ ಚೇತರಿಸಿಕೊಂಡ ಮೇಲಷ್ಟೇ ಎದೆಗೆ ಕಟ್ಟುತ್ತಿದ್ದರು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಈ ನೋಟವನ್ನು ಬದಲಿಸಿತು. ಒಂದರಿಂದ 1.8 ಕಿಲೋ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ 28 ದಿನದೊಳಗೆ ಸತ್ತವರು ನೂರಕ್ಕೆ 12. ಮೊದಲು ಯಂತ್ರದಲ್ಲಿಟ್ಟು ಆಮೇಲೆ ಎದೆಗೆ ಕಟ್ಟಿದ ಗುಂಪಿನಲ್ಲಿ 15.7. ಅಂದರೆ ಸಾವಿನಲ್ಲಿ ಸುಮಾರು ಕಾಲು ಭಾಗ ಕಡಿತ. ತಾಯಿಗೆ ಆಗದಿದ್ದರೆ ಅಪ್ಪ ಕಟ್ಟಿಕೊಳ್ಳಬಹುದು, ಅಜ್ಜಿ ಕಟ್ಟಿಕೊಳ್ಳಬಹುದು. ನಮ್ಮ ಕಡೆಯ ಗಂಡಸರಿಗೆ ಇದು ಇನ್ನೂ ನಾಚಿಕೆಯ ಸಂಗತಿಯಾಗಿಯೇ ಉಳಿದಿದೆ.

ಹಾಲಿನ ವಿಷಯದಲ್ಲಿ ನಾವು ಆಸ್ಪತ್ರೆಗೆ ಹೋಗಿಯೂ ಎಡವುತ್ತಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಯಲ್ಲಿ ನಡೆದವು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿದ ಮಕ್ಕಳು ನೂರಕ್ಕೆ 41.8 ಮಾತ್ರ. ಸಿಸೇರಿಯನ್ ಆದ ತಾಯಿಯನ್ನು ಒಂದು ಕಡೆ, ಕೂಸನ್ನು ಇನ್ನೊಂದು ಕಡೆ ಇಡುವುದು ಇದಕ್ಕೆ ಒಂದು ಕಾರಣ. ‘ಹಾಲು ಇನ್ನೂ ಇಳಿದಿಲ್ಲ’ ಎಂದು ಜೇನು ನೆಕ್ಕಿಸುವ ಹಿರಿಯರು ಇನ್ನೊಂದು. ಮೊದಲ ಎರಡು ಮೂರು ದಿನ ಬರುವ ದಪ್ಪ ಹಳದಿ ಹಾಲು ಪ್ರಮಾಣದಲ್ಲಿ ಕಡಿಮೆ ಇದ್ದರೂ ಕೂಸಿಗೆ ಅಷ್ಟೇ ಸಾಕು. ಸೋಂಕು ತಡೆಯುವ ಅಂಶಗಳು ತುಂಬಿರುವುದು ಅದರಲ್ಲೇ. ಜೇನಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡಬಲ್ಲವು. ತೇಯ್ದ ಬಜೆ, ಹೊಕ್ಕಳಿಗೆ ಹಚ್ಚುವ ಬೂದಿ, ಕಾಮಾಲೆಗೆ ಎಂದು ಕೊಡಿಸುವ ನಾಟಿ ಮದ್ದು ಇವೆಲ್ಲ ಪ್ರೀತಿಯಿಂದಲೇ ಬರುತ್ತವೆ. ಹೊಕ್ಕಳು ಒಣಗಿರಬೇಕು, ಅದಕ್ಕೆ ಏನೂ ಬೇಡ. ಕಾಮಾಲೆ ಹುಟ್ಟಿದ ಮೊದಲ ದಿನವೇ ಕಂಡರೆ ಅಥವಾ ಅಂಗೈ, ಅಂಗಾಲಿಗೆ ಇಳಿದರೆ ಮದ್ದಿನವರ ಮನೆಯಲ್ಲ, ಆಸ್ಪತ್ರೆಯೇ ಸೈ. ನೀಲಿ ಬೆಳಕಿನ ಚಿಕಿತ್ಸೆಗೆ ತಡವಾದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ.

ತೂಕ ಕಡಿಮೆಯಾಗುವುದು ಏಕೆ ಎಂದು ಹಿಂದಕ್ಕೆ ಹೋದರೆ ತಾಯಿ ಸಿಗುತ್ತಾಳೆ. ಅದೇ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತಹೀನತೆ ಇತ್ತು. ಹೆರಿಗೆಯಾದ ಎರಡು ವರ್ಷದೊಳಗೆ ಮತ್ತೆ ಬಸಿರಾದರೆ ತಾಯಿಯ ಮೈ ಸುಧಾರಿಸಿಕೊಂಡಿರುವುದಿಲ್ಲ. ಹೊಟ್ಟೆಯೊಳಗಿನ ಕೂಸಿಗೂ ಕಷ್ಟ, ಹಾಲು ಬಿಡಬೇಕಾದ ದೊಡ್ಡದಕ್ಕೂ ಕಷ್ಟ. ಹದಿನೆಂಟರೊಳಗಿನ ತಾಯಿ, ಮೂವತ್ತೈದು ದಾಟಿದ ತಾಯಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಲ್ಲ ತಾಯಿ ಕಾರ್ಡಿನಲ್ಲಿ ಗುರುತು ಮಾಡುವ ಅಂಶಗಳೇ. ರಕ್ತಸಂಬಂಧದ ಮದುವೆ ಕರ್ನಾಟಕದಲ್ಲಿ ಈಗಲೂ ಸುಮಾರು ಕಾಲು ಭಾಗದಷ್ಟಿದೆ. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಕೂಸುಗಳಿಗೆ ಇರುವ ಹುಟ್ಟು ದೋಷದ ಸಾಧ್ಯತೆ ಸೋದರಸಂಬಂಧಿಗಳ ಮಕ್ಕಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ದುಪ್ಪಟ್ಟು ಎಂದರೆ ಹೆದರಿಕೆಯಾಗುತ್ತದೆ. ನೂರರಲ್ಲಿ ತೊಂಬತ್ತನಾಲ್ಕು ಕೂಸುಗಳು ಆಗಲೂ ಚೆನ್ನಾಗಿಯೇ ಹುಟ್ಟುತ್ತವೆ. ಅಪಾಯದ ಅಂಕಿ ಕೊಡುವಾಗ ಎಷ್ಟು ಪಟ್ಟು ಎಂಬುದರ ಜೊತೆಗೆ ನೂರರಲ್ಲಿ ಎಷ್ಟು ಎಂಬುದನ್ನೂ ಹೇಳದವರ ಮಾತನ್ನು ನಾನು ಅರ್ಧವೇ ನಂಬುತ್ತೇನೆ.

ಕವಳ (ತಂಬಾಕು ಸೇರಿಸಿದ ಎಲೆಅಡಿಕೆ) ಹಾಕುವ ನಾಡಿನವರು ತಿಳಿದಿರಬೇಕಾದ ಒಂದು ವಿಚಿತ್ರ ಇಲ್ಲಿದೆ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಇದು ಸರಳ. ವಿಚಿತ್ರವಾದದ್ದು 1971ರಲ್ಲಿ ಕ್ಯಾಲಿಫೋರ್ನಿಯಾದ ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞರು ಕಂಡದ್ದು. ಸಿಗರೇಟು ಸೇದುವ ತಾಯಂದಿರಿಗೆ ಕಡಿಮೆ ತೂಕದ ಕೂಸುಗಳು ಹೆಚ್ಚು ಹುಟ್ಟುತ್ತಿದ್ದವು, ಸರಿ. ಆದರೆ ಕಡಿಮೆ ತೂಕದ ಕೂಸುಗಳನ್ನಷ್ಟೇ ಬೇರೆ ಮಾಡಿ ನೋಡಿದರೆ, ಸೇದುವವರ ಕೂಸುಗಳೇ ಹೆಚ್ಚು ಉಳಿಯುತ್ತಿದ್ದವು! ಹಾಗಾದರೆ ತಂಬಾಕು ಕಾಪಾಡುತ್ತದೆಯೇ? ಇಲ್ಲ. ಸೇದದ ತಾಯಿಯ ಕೂಸು ಸಣ್ಣದಾಗಿ ಹುಟ್ಟಿದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು: ಹುಟ್ಟು ದೋಷವೋ, ಗರ್ಭದ ಸೋಂಕೋ, ತಂಬಾಕಿಗಿಂತ ಕೆಟ್ಟದ್ದೇನೋ ಒಂದು. ಸೇದುವ ತಾಯಿಯ ಕೂಸು ತಂಬಾಕಿನಿಂದಲೇ ಸಣ್ಣಗಾಗಿರಬಹುದು. ಎಲ್ಲ ಕೂಸುಗಳನ್ನೂ ಸೇರಿಸಿ ಎಣಿಸಿದರೆ ತಂಬಾಕಿನ ಹಾನಿ ಸ್ಪಷ್ಟವಾಗಿಯೇ ಕಾಣುತ್ತದೆ. ಅರ್ಧ ಲೆಕ್ಕ ಹಿಡಿದುಕೊಂಡು ‘ಸಂಶೋಧನೆಯೇ ಹೇಳಿದೆ’ ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳಿಗೆ ಉತ್ತರ ಕೊಡಲು ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಮ್ಮ ಜಿಲ್ಲೆಯದೇ ಎನ್ನಬಹುದಾದ ಅಂಶ: ದೂರ. ಉತ್ತರ ಕನ್ನಡದ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಜನಸಂಖ್ಯೆ ಹದಿನಾಲ್ಕು ಲಕ್ಷದ ಮೂವತ್ತೇಳು ಸಾವಿರ. ಜನ ಚದುರಿ ಕೂತಿದ್ದಾರೆ. ಒಂದು ಊರು ಎಂದರೆ ನಾಲ್ಕು ಗುಡ್ಡಗಳ ನಡುವೆ ಹಂಚಿಹೋದ ಮನೆಗಳು. ಸಾವನ್ನು ತಡದ ಮೂಲಕ ಅರ್ಥ ಮಾಡಿಕೊಳ್ಳುವ ಒಂದು ಚೌಕಟ್ಟನ್ನು ಥ್ಯಾಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು 1994ರಲ್ಲಿ ಮಂಡಿಸಿದರು. ತಾಯಂದಿರ ಮರಣದ ಬಗ್ಗೆ ಬರೆದದ್ದಾದರೂ ಕೂಸುಗಳಿಗೂ ಅದು ಹಾಗೆಯೇ ಒಪ್ಪುತ್ತದೆ. ಆಸ್ಪತ್ರೆಗೆ ಹೋಗಬೇಕು ಎಂದು ನಿರ್ಧರಿಸಲು ಆಗುವ ತಡ, ದಾರಿಯಲ್ಲಿ ಆಗುವ ತಡ, ಆಸ್ಪತ್ರೆ ಮುಟ್ಟಿದ ಮೇಲೂ ಚಿಕಿತ್ಸೆ ಶುರುವಾಗಲು ಆಗುವ ತಡ.

ಬಯಲುಸೀಮೆಯ ಓದುಗರಿಗೆ ನಡುವಿನ ತಡ ಏನೆಂದು ಬಿಡಿಸಿ ಹೇಳಬೇಕಾದೀತು. ಜೋಯಿಡಾದಿಂದ ಕಾರವಾರಕ್ಕೆ ಅಣಶಿ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಗುಡ್ಡ ಜರಿಯುವುದು ಇಲ್ಲಿ ಹೊಸ ಸುದ್ದಿಯಲ್ಲ. ಆ ಘಟ್ಟದ ರಸ್ತೆಗೆ ಬರುವ ಮೊದಲೇ ಕಾಲುಸಂಕ ದಾಟಬೇಕು. ಅಡಿಕೆ ಮರದ ದಬ್ಬೆ ಹಾಕಿ ಕಟ್ಟಿದ ಸಂಕ ಜೂನ್ ಕಳೆದ ಮೇಲೆ ಇರುತ್ತದೋ ಇಲ್ಲವೋ. 108ಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಊರುಗಳಿವೆ. ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆಯವರೆಗೆ ತರುವ ಚಿತ್ರಗಳು ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತವೆ. ಕಾರವಾರದಲ್ಲಿ ಈಗ ವೈದ್ಯಕೀಯ ಕಾಲೇಜು ಇದೆ. ಆದರೂ ಕೂಸಿನ ಹೃದಯದ ದೋಷದಂಥ ದೊಡ್ಡ ತೊಂದರೆ ಎಂದಾಗ ಕರಾವಳಿಯ ಜನ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಹೋಗುತ್ತಾರೆ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್‌ಗೇಟ್ ಬಳಿ ಮಗುಚಿ ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಬೇರೆ ಶಿರೂರು, ಅಂಕೋಲಾ ತಾಲೂಕಿನದು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ಬಂದಾಗಿ ಕರಾವಳಿಯ ಉದ್ದದ ಓಡಾಟವೇ ಕಡಿದುಹೋಯಿತು. ಅದಾದ ಮೂರು ವಾರಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಗೋವಾಕ್ಕೆ ಹೋಗುವ ದಾರಿಗೆ ಹೊಸ ಸೇತುವೆಯೊಂದೇ ಉಳಿಯಿತು.

ದಾರಿಯನ್ನು ಒಂದೇ ದಿನದಲ್ಲಿ ಚಿಕ್ಕದು ಮಾಡಲು ಬರುವುದಿಲ್ಲ. ಆದರೆ ಮುಂಚಿತವಾಗಿ ಹೊರಡಬಹುದು. ಅವಧಿಗೆ ಮುನ್ನ ಹೆರಿಗೆ ನೋವು ಕಂಡರೆ ಕೂಸು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಹುಟ್ಟಿದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ಎಷ್ಟೋ ಸುರಕ್ಷಿತ. ಹೊರಡುವ ಮುನ್ನ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟ ಈ ಮದ್ದಿನ ಬೆಲೆ ತೀರ ಕಡಿಮೆ. ಮೊದಲ ಡೋಸನ್ನು ಉಪಕೇಂದ್ರದ ಆರೋಗ್ಯ ಸಹಾಯಕಿಯೇ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೆರಿಗೆ ದಿನ ಬೀಳುವ ಒಳಊರಿನ ಬಸುರಿ, ದಿನಕ್ಕೆ ಒಂದು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರುವುದು ಕೂಡ ಇದೇ ಲೆಕ್ಕದ ಬುದ್ಧಿವಂತಿಕೆ. ಪೇಟೆಯಲ್ಲಿ ನೆಂಟರಿಲ್ಲದ ಕೂಲಿ ಕುಟುಂಬಕ್ಕೆ, ದನ ಸಾಕುವ ಗೌಳಿಗರ ದೊಡ್ಡಿಯ ಹೆಂಗಸಿಗೆ ಈ ಅನುಕೂಲವಿಲ್ಲ. ಬಡತನ ಅಪಾಯಕಾರಿ ಅಂಶವಾಗುವುದು ಹೀಗೆ, ಕೈಯಲ್ಲಿ ಹಣವಿಲ್ಲದ್ದರಿಂದ ಮಾತ್ರವಲ್ಲ.

ಮೊದಲ ತಡವನ್ನು, ಅಂದರೆ ‘ನಾಳೆ ನೋಡೋಣ’ ಎಂಬುದನ್ನು ತಪ್ಪಿಸಲು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಅವರು ಮನೆ ಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ನೋಡಿ, ಸೋಂಕಿಗೆ ಚಿಕಿತ್ಸೆ ಕೊಟ್ಟಾಗ ನವಜಾತ ಶಿಶುಮರಣ ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ವರದಿಯಾಯಿತು. ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮ ಹುಟ್ಟಿದ್ದು ಅಲ್ಲಿಂದ. ‘ತೂಕ ನೋಡಲು ಬಂದಳು’ ಎಂದು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಮನೆಗಳಿವೆ. ಆಕೆ ನೋಡುವುದು ತೂಕವನ್ನಷ್ಟೇ ಅಲ್ಲ. ಕೂಸು ಹೀರುವುದನ್ನು ಬಿಟ್ಟಿದೆಯೇ, ಮುಟ್ಟಿದರೆ ಮಾತ್ರ ಕೈಕಾಲು ಆಡಿಸುತ್ತದೆಯೇ, ಸೆಳವು ಬಂತೇ, ಮೈ ಸುಡುತ್ತದೆಯೇ ಇಲ್ಲವೇ ತಣ್ಣಗಾಗಿದೆಯೇ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತದೆಯೇ. ಇವುಗಳಲ್ಲಿ ಒಂದಿದ್ದರೂ ನಾಳೆಯವರೆಗೆ ಕಾಯುವಂತಿಲ್ಲ. ಎಳೆಕೂಸಿಗೆ ಜ್ವರ ಬರದೆಯೂ ಸೋಂಕು ಏರಬಹುದು. ಅಳದೆ ಸುಮ್ಮನೆ ಮಲಗಿರುವ ಕೂಸನ್ನು ಸಾಧು ಮಗು ಎಂದುಕೊಳ್ಳುವ ಮೊದಲು ಎಬ್ಬಿಸಿ ಹಾಲು ಕುಡಿಸಿ ನೋಡಬೇಕು.

ತಿಂಗಳು ದಾಟಿದ ಮೇಲೆ ನ್ಯುಮೋನಿಯಾ ಮತ್ತು ಭೇದಿ ಮುಂದೆ ಬರುತ್ತವೆ. ನ್ಯುಮೋನಿಯಾದ ಸುತ್ತ ಇರುವ ಅಂಶಗಳಲ್ಲಿ ಹೊಗೆಗೆ ನಮ್ಮಲ್ಲಿ ಸಾಕಷ್ಟು ಗಮನ ಸಿಕ್ಕಿಲ್ಲ. ಮನೆಯೊಳಗಿನ ಒಲೆಯ ಹೊಗೆ ಮಕ್ಕಳ ನ್ಯುಮೋನಿಯಾ ಅಪಾಯವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ನಮ್ಮಲ್ಲಿ ಗ್ಯಾಸ್ ಬಂದು ವರ್ಷಗಳಾದವು’ ಎನ್ನುವ ಮನೆಗಳಲ್ಲೂ ಬಚ್ಚಲ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಲೇ ಇರುತ್ತದೆ. ಹಂಡೆಯಡಿಗೆ ಒದ್ದೆ ಕಟ್ಟಿಗೆ, ಸೋಗೆ, ಅಡಿಕೆ ಸಿಪ್ಪೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಅದೇ ಒಲೆ, ಮಗುವನ್ನು ಬೆಚ್ಚಗೆ ಕೂರಿಸಲೂ ಅದೇ ಜಾಗ. ಸಮೀಕ್ಷೆಗೆ ಬಂದವರು ಅಡುಗೆಗೆ ಯಾವ ಇಂಧನ ಎಂದು ಕೇಳಿ ಗ್ಯಾಸ್ ಎಂದು ಬರೆದುಕೊಂಡು ಹೋಗುತ್ತಾರೆ.

ಉಸಿರು ಎಣಿಸಲು ವೈದ್ಯರೇ ಬೇಕಿಲ್ಲ. ಮಗು ಅಳದೆ ಇರುವಾಗ ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಹೊಟ್ಟೆಯ ಏರಿಳಿತ ನೋಡಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿನದಕ್ಕೆ 50, ಒಂದರಿಂದ ಐದು ವರ್ಷದ್ದಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬರೀ ನೆಗಡಿಯಲ್ಲ. ಭೇದಿಗೆ ಓಆರ್‌ಎಸ್ ಪುಡಿ ಇಂದು ಅಂಗಡಿಯಲ್ಲೂ ಸಿಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ, ಡ್ರಿಪ್ ಬಾಟಲಿಗಳು ಮುಗಿದು, ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು–ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಇದರ ಜೊತೆಗೆ 14 ದಿನ ಸತುವಿನ (ಜಿಂಕ್) ಮಾತ್ರೆ ಕೊಟ್ಟರೆ ಭೇದಿ ಬೇಗ ನಿಲ್ಲುತ್ತದೆ, ಮುಂದಿನ ತಿಂಗಳುಗಳಲ್ಲಿ ಮರುಕಳಿಸುವುದೂ ಕಡಿಮೆ. ಮಗು ಚೇತರಿಸಿಕೊಂಡಿತೆಂದು ಮಾತ್ರೆಯನ್ನು ನಾಲ್ಕನೇ ದಿನಕ್ಕೇ ನಿಲ್ಲಿಸಿಬಿಡುವುದೇ ಹೆಚ್ಚು.

ಕರಾವಳಿಯಲ್ಲಿ ಇವೆಲ್ಲ ಒಂದೇ ಕಾಲಕ್ಕೆ ಬಂದು ಕೂಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಯ ಕೂಲಿಯನ್ನೇ ನೆಚ್ಚಿದ ಮನೆಯಲ್ಲಿ ಆ ಎರಡು ತಿಂಗಳು ಕೈ ಬರಿದು, ತಟ್ಟೆಯಲ್ಲಿ ಮೀನೂ ಕಡಿಮೆ. ಬಾವಿಗೆ ಮಳೆಯ ಕೆಂಪು ನೀರು ಸೇರುವುದು, ಮಕ್ಕಳಿಗೆ ಭೇದಿ, ಕೆಮ್ಮು ಶುರುವಾಗುವುದು, ಖಾಸಗಿ ಡಾಕ್ಟರಿಗೆ ಕೊಡಲು ಹಣವಿಲ್ಲದಿರುವುದು ಅದೇ ತಿಂಗಳುಗಳಲ್ಲಿ. ಅಪಾಯಗಳು ಕೂಡಿಕೆಯ ಲೆಕ್ಕದಲ್ಲಿ ಬೆಳೆಯುವುದಿಲ್ಲ, ಗುಣಾಕಾರದಲ್ಲಿ ಬೆಳೆಯುತ್ತವೆ. ಚೆನ್ನಾಗಿ ಉಂಡ ಮಗುವಿಗೆ ಬಂದ ಭೇದಿ ಮೂರು ದಿನದ ಕಿರಿಕಿರಿ. ಸೊರಗಿದ ಮಗುವಿಗೆ ಬಂದ ಅದೇ ಭೇದಿ ಜೀವಕ್ಕೆ ಕುತ್ತು.

ಸೊರಗಿದ ಎಂದಾಗ ಮೂಳೆ ಕಾಣುವ ಮಗುವಿನ ಚಿತ್ರ ಕಣ್ಣ ಮುಂದೆ ಬರುತ್ತದೆ. ಲೆಕ್ಕ ಹೇಳುವುದು ಬೇರೆ. 1995ರಲ್ಲಿ ಡೇವಿಡ್ ಪೆಲ್ಲೆಟಿಯರ್ ಮತ್ತು ಸಂಗಡಿಗರು 53 ದೇಶಗಳ ಮಾಹಿತಿ ಜೋಡಿಸಿ, ಮಕ್ಕಳ ಸಾವುಗಳಲ್ಲಿ ನೂರಕ್ಕೆ 56ರಲ್ಲಿ ಅಪೌಷ್ಟಿಕತೆಯ ಕೈವಾಡವಿದೆ, ಅವುಗಳಲ್ಲಿ ನೂರಕ್ಕೆ 83 ಸಾವುಗಳು ತೀವ್ರ ಅಪೌಷ್ಟಿಕತೆಯವಲ್ಲ, ಸಾಧಾರಣ ಮಟ್ಟದ್ದರವು ಎಂದು ತೋರಿಸಿದರು. ಅಪಾಯ ಅತಿ ಹೆಚ್ಚಿರುವ ಮಕ್ಕಳು ಕೆಲವೇ. ಸ್ವಲ್ಪ ಸ್ವಲ್ಪ ಅಪಾಯವಿರುವವರು ಬಹಳ. ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮಕ್ಕಳಲ್ಲಿ ಐವತ್ತು ಮಕ್ಕಳಿಗೆ ನೂರಕ್ಕೆ ಎಂಟರಷ್ಟು ಸಾವಿನ ಸಾಧ್ಯತೆ ಇದೆ ಎಂದುಕೊಳ್ಳೋಣ, ಅಲ್ಲಿ ನಾಲ್ಕು ಸಾವು. ಉಳಿದ ಒಂಬೈನೂರ ಐವತ್ತು ಮಕ್ಕಳಿಗೆ ನೂರಕ್ಕೆ ಒಂದೇ ಎಂದುಕೊಂಡರೂ ಒಂಬತ್ತು ಹತ್ತು ಸಾವು. ಬ್ರಿಟನ್ನಿನ ಜೆಫ್ರಿ ರೋಸ್ 1985ರಲ್ಲಿ ವಿವರಿಸಿದ ಈ ಒಗಟಿನಿಂದಾಗಿ, ‘ಅಪಾಯದಲ್ಲಿರುವವರ’ ಪಟ್ಟಿ ಮಾಡಿ ಅವರನ್ನಷ್ಟೇ ನೋಡಿಕೊಳ್ಳುವ ಕಾರ್ಯಕ್ರಮಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ತೋಳಿನ ಸುತ್ತಳತೆ ನೋಡುವ ಟೇಪಿನಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದ ಮಗುವಿಗೆ ವಿಶೇಷ ಆರೈಕೆ ಬೇಕು, ನಿಜ. ಹನ್ನೆರಡು ಬಂದ ಮಗುವಿಗೆ ದಿನಾ ಅಂಗನವಾಡಿಯ ಮೊಟ್ಟೆ, ಹಾಲು ತಪ್ಪದೆ ಸಿಗುವುದು ಅಷ್ಟೇ ಮುಖ್ಯ. ಲಸಿಕೆಯೂ ಎಲ್ಲರಿಗೂ ಬೇಕಾದದ್ದು ಇದೇ ಕಾರಣಕ್ಕೆ. ಭೇದಿ ತಡೆಯುವ ರೋಟಾವೈರಸ್ ಲಸಿಕೆ 2016ರಿಂದ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಸ್ ಲಸಿಕೆ 2017ರಿಂದ ಹಂತ ಹಂತವಾಗಿ ಸರ್ಕಾರಿ ಪಟ್ಟಿಗೆ ಬಂದಿವೆ, ಎರಡೂ ಉಚಿತ.

ಹೆಣ್ಣು, ಗಂಡಿನ ಮಾತೂ ಈ ಲೆಕ್ಕದಲ್ಲಿ ಬರುತ್ತದೆ. ಹುಟ್ಟಿದ ಮೊದಲ ತಿಂಗಳಲ್ಲಿ ಗಂಡು ಕೂಸೇ ದುರ್ಬಲ, ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಗಂಡು ಕೂಸುಗಳ ಸಾವು ತುಸು ಹೆಚ್ಚು. ಯಾವುದೋ ಊರಿನಲ್ಲಿ ವರ್ಷ ದಾಟಿದ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಹೆಚ್ಚು ಸಾಯುತ್ತಿದ್ದರೆ, ಅದನ್ನು ನಿಸರ್ಗದ ತಲೆಗೆ ಕಟ್ಟುವಂತಿಲ್ಲ.

ಮಗು ನಡೆಯಲು ಕಲಿತ ಮೇಲೆ ಅಪಾಯ ಮನೆಯಂಗಳಕ್ಕೆ ಇಳಿಯುತ್ತದೆ. ಹಾವು, ಬಚ್ಚಲ ಹಂಡೆಯ ಕುದಿನೀರು, ಅಂಗಳದಲ್ಲಿ ಹಿಂದಕ್ಕೆ ಬರುವ ಪಿಕಪ್ ವಾಹನ ಎಲ್ಲವೂ ಇವೆ, ಆದರೆ ಒಂದರಿಂದ ನಾಲ್ಕು ವರ್ಷದವರಿಗೆ ನೀರಿನ ಭಯವೇ ದೊಡ್ಡದು. ಉತ್ತರ ಕನ್ನಡದ ಮಗು ಹುಟ್ಟುವುದೇ ನೀರಿನ ನಡುವೆ. ಕಟ್ಟೆಯಿಲ್ಲದ ತೋಟದ ಬಾವಿ, ಅಡಿಕೆಗೆ ನೀರು ಬಿಡಲು ಜೆಸಿಬಿಯಿಂದ ತೋಡಿಸಿ ಪ್ಲಾಸ್ಟಿಕ್ ಹಾಸಿದ ಹೊಂಡ, ಅಘನಾಶಿನಿ ನದಿಯ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಸೀಗಡಿ ಕೆರೆ, ಮನೆ ಹಿಂದಿನ ಕಾಲುವೆ. ಮುಳುಗುವ ಮಗು ಸಿನಿಮಾದಲ್ಲಿ ಕಾಣುವ ಹಾಗೆ ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಉಸಿರಿಗೇ ತಾವಿಲ್ಲದಾಗ ಕೂಗು ಎಲ್ಲಿಂದ ಬಂದೀತು? ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ, ಅದಕ್ಕೆ ಮೊಣಕಾಲುದ್ದದ ನೀರು ಸಾಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ದೊಡ್ಡವರಿಗೂ ಜಾರುವ ಅಂಚು ಹಿಡಿದು ಮೇಲೆ ಬರುವುದು ಕಷ್ಟ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇಂಥ ಸಾವುಗಳು ಹೆಚ್ಚಾಗಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದ ನಡುವೆ, ತಾಯಿ ಮನೆಗೆಲಸದಲ್ಲಿ ತೊಡಗಿರುವಾಗ ಆಗುತ್ತವೆ ಎಂದು ಸಂಶೋಧಕರು ಕಂಡುಕೊಂಡರು. ಆ ಹೊತ್ತಿನಲ್ಲಿ ಮಕ್ಕಳನ್ನು ಊರಿನದೇ ಹೆಂಗಸೊಬ್ಬಳು ಒಂದೆಡೆ ಕೂಡಿಸಿ ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರಗಳನ್ನು ತೆರೆದಾಗ ಮುಳುಗಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ನಮ್ಮ ಅಂಗನವಾಡಿಗಳು ಮೂರು ವರ್ಷ ತುಂಬಿದವರನ್ನು ಕೂರಿಸಿಕೊಳ್ಳುತ್ತವೆ. ಅಪಾಯ ಹೆಚ್ಚಿರುವ ಒಂದು, ಎರಡು ವರ್ಷದ ಮಕ್ಕಳು ಅಡಿಕೆ ಕೊಯ್ಲಿನ, ಗದ್ದೆ ನೆಟ್ಟಿಯ ದಿನಗಳಲ್ಲಿ ಅಜ್ಜಿಯ ಕಣ್ಣಳತೆಯಲ್ಲಿ ಇರುತ್ತಾರೆ, ಅಜ್ಜಿಗೆ ಕಣ್ಣು ಮಂಜು. ಮನೆ ಬಾಗಿಲಿಗೆ ಮಗು ದಾಟಲಾರದ ಅಡ್ಡಗಟ್ಟು, ಬಾವಿಗೆ ಕಬ್ಬಿಣದ ಜಾಲರಿ, ಹೊಂಡದ ಸುತ್ತ ನಾಲ್ಕಡಿ ಎತ್ತರದ ಬೇಲಿ, ಹೊಂಡದೊಳಕ್ಕೆ ಇಳಿಬಿಟ್ಟ ಗಂಟುಹಾಕಿದ ಹಗ್ಗ. ಕೃಷಿ ಹೊಂಡಕ್ಕೆ ಸಹಾಯಧನ ಕೊಡುವಾಗ ಬೇಲಿ ಕಟ್ಟಿದ್ದನ್ನು ನೋಡಿದ ಮೇಲಷ್ಟೇ ಕೊನೆಯ ಕಂತು ಬಿಡುಗಡೆ ಮಾಡುವುದು ಅಧಿಕಾರಿಗಳಿಗೆ ಕಷ್ಟದ ಕೆಲಸವೇನಲ್ಲ.